ಸಹಾಯ ಬೇಕು: ಸ್ಕಾಟ್ಲೆಂಡಿನ ಹಳ್ಳಿ ಪೊಲೀಸ್ ಬಗ್ಗೆ ಗೊತ್ತಿರುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಒಂದು ಪತ್ತೇದಾರಿ ಕಥೆ ಬರೀತಿದ್ದೇನೆ, ಅರ್ಧಕ್ಕೆ ನಿಂತುಬಿಟ್ಟಿದೆ. ಕಾಲ 1985, ಜಾಗ ಸ್ಕಾಟ್ಲೆಂಡಿನ ಉತ್ತರದ ಸದರ್ಲೆಂಡ್. ಊರಿಗೆ ಒಬ್ಬನೇ ಕಾನ್‌ಸ್ಟೇಬಲ್, ಠಾಣೆಯೂ ಮನೆಯೂ ಒಂದೇ ಕಟ್ಟಡ. ಒದ್ದೆ ಬೂಟು ಒಲೆ ಮುಂದೆ ಒಣಗಿಸ್ತಾ ಕೂತಿದ್ದಾಗ ಕುರಿ ಸಾಕುವವನೊಬ್ಬ ಓಡಿಬಂದು, ಕೆಸರಲ್ಲಿ ಹೆಣ ಬಿದ್ದಿದೆ ಅಂತಾನೆ. ಇಲ್ಲಿವರೆಗೆ ಸರಾಗ.

ಆಮೇಲೆ ಕೊರೋನರ್, ಅಂದ್ರೆ ಅನುಮಾನದ ಸಾವಿನ ವಿಚಾರಣೆ ನಡೆಸೋ ಅಧಿಕಾರಿ, ಬಂದರು ಅಂತ ಬರೆದಿದ್ದೆ. ನೋಡಿದರೆ ಸ್ಕಾಟ್ಲೆಂಡಿನಲ್ಲಿ ಆ ಹುದ್ದೆಯೇ ಇಲ್ಲ, ಅನುಮಾನದ ಸಾವೆಲ್ಲ ಪ್ರೊಕ್ಯುರೇಟರ್ ಫಿಸ್ಕಲ್ ಅನ್ನೋ ಸರ್ಕಾರಿ ವಕೀಲರ ಕೈಗೆ ಹೋಗುತ್ತೆ, ಪೊಲೀಸರು ಅವರು ಹೇಳಿದಂತೆ ತನಿಖೆ ಮಾಡಬೇಕು. ಎರಡು ಪುಟ ಹರಿದು ಹಾಕಿದೆ! ಇನ್ನೊಂದು, ಅಲ್ಲಿ ಒಂದೇ ಮೂಲದ ಸಾಕ್ಷ್ಯ ಸಾಲದು, ಅದಕ್ಕೆ ಬೆಂಬಲವಾಗಿ ಬೇರೆಯದೂ ಬೇಕು. ಹಾಗಾದ್ರೆ ಕೊಲೆಗಾರ ನಮ್ಮ ಒಂಟಿ ಪೊಲೀಸಪ್ಪನ ಮುಂದೆ ಮಾತ್ರ ತಪ್ಪೊಪ್ಪಿಕೊಂಡರೆ ಕೇಸು ನಿಲ್ಲಲ್ಲ, ಅಲ್ವಾ?

ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರು ದಯವಿಟ್ಟು ಹೇಳಿ. ಇನ್ವರ್ನೆಸ್‌ನಿಂದ ದೊಡ್ಡ ಅಧಿಕಾರಿಗಳು ಬರೋ ತನಕ ಹೆಣ ಕಾಯೋರು ಯಾರು? ಇವನೇ ಕಾಯ್ತಾ ನಿಂತರೆ ಫೋನ್ ಮಾಡೋರು ಯಾರು, ಆಗ ಮೊಬೈಲ್ ಬೇರೆ ಇಲ್ಲ. ಊರವರು ಅವನನ್ನ ಹೆಸರು ಹಿಡಿದು ಕರೀತಿದ್ರಾ? ಅಲ್ಲಿನ ಹಿರಿಯರನ್ನ ಸುಮ್ನೆ ಒಂದು ಮಾತು ಕೇಳಿ ತಿಳಿಸಿದರೂ ಸಾಕು.