ಲಾರಿಗೆ ಡ್ಯಾಶ್‌ಕ್ಯಾಮ್ ಹಾಕಿಸಬೇಕು, ಡ್ರೈವರ್‌ಗಳು ಬೇಡ ಅಂತಿದ್ದಾರೆ

ಪ್ರಶ್ನೆ (ದಾವಣಗೆರೆ, ಲಾರಿ ಓನರ್):
ನಮಸ್ಕಾರ ಸರ್. ನನ್ನ ಹತ್ರ ಆರು ಲಾರಿ ಇವೆ, ಮೆಕ್ಕೆಜೋಳ ಮತ್ತು ಅಕ್ಕಿ ಲೋಡ್ ಬೆಂಗಳೂರಿಗೆ, ಬರುವಾಗ ಸಿಕ್ಕಿದ ಲೋಡ್. ಹೋದ ತಿಂಗಳು ಹಿರಿಯೂರು ದಾಟಿದ ಮೇಲೆ ಒಂದು ಕಾರು ಎಡಗಡೆಯಿಂದ ನುಗ್ಗಿ ನಮ್ಮ ಗಾಡಿ ಮುಂದೆ ಬಂದು ಗಕ್ಕನೆ ಬ್ರೇಕ್ ಹಾಕಿತು. ಯಾರಿಗೂ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಆದರೆ ಹಿಂದಿನಿಂದ ಗುದ್ದಿದ್ದು ಲಾರಿ, ಅದಕ್ಕೆ ತಪ್ಪೆಲ್ಲ ನಮ್ಮ ಹುಡುಗನದ್ದೇ ಆಯ್ತು. 40 ಸಾವಿರ ಕೊಟ್ಟು ರಾಜಿ ಮಾಡಿಕೊಂಡೆ. ಈಗ ಎಲ್ಲ ಗಾಡಿಗೂ ಕ್ಯಾಮೆರಾ ಹಾಕಿಸೋಣ ಅಂತಿದ್ದೀನಿ. ಯಾವುದು ತಗೊಳ್ಳಲಿ? ಇನ್ನೊಂದು ವಿಷಯ, ಕ್ಯಾಮೆರಾ ಹಾಕಿದರೆ ಕೆಲಸ ಬಿಡ್ತೀವಿ ಅಂತ ಇಬ್ಬರು ಡ್ರೈವರ್‌ಗಳು ಹೇಳಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ (ಹುಬ್ಬಳ್ಳಿ, ವಾಹನ ಎಲೆಕ್ಟ್ರಿಷಿಯನ್):
ಸರ್, ಮೊದಲು ಎರಡನೇ ಪ್ರಶ್ನೆಗೇ ಬರುತ್ತೇನೆ, ಯಾಕಂದ್ರೆ ಡ್ರೈವರ್‌ಗೆ ಬೇಡವಾದ ಕ್ಯಾಮೆರಾ ಎರಡು ತಿಂಗಳೂ ಬಾಳುವುದಿಲ್ಲ. ವೈರ್ ಸಡಿಲ ಆಗುತ್ತದೆ, ಮೆಮೊರಿ ಕಾರ್ಡ್ ಕಳೆದುಹೋಗುತ್ತದೆ, ಲೆನ್ಸ್ ಮೇಲೆ ಟವೆಲ್ ಬೀಳುತ್ತದೆ. ಅವರನ್ನು ಬೈದು ಪ್ರಯೋಜನ ಇಲ್ಲ. ನೀವು ಅವರಿಗೆ ಹೇಗೆ ಹೇಳಿದಿರಿ ಅನ್ನೋದು ಮುಖ್ಯ. "ನಿಮ್ಮನ್ನು ನೋಡೋಕೆ ಹಾಕ್ತಿದ್ದೀನಿ" ಅಂತ ಅವರ ಕಿವಿಗೆ ಬಿದ್ದಿದ್ದರೆ ಕಷ್ಟ. ಆ ಹಿರಿಯೂರಿನ ಗಾಡಿ ಓಡಿಸಿದ ಹುಡುಗನನ್ನೇ ಕೂರಿಸಿಕೊಂಡು, ಅವತ್ತು ಕ್ಯಾಮೆರಾ ಇದ್ದಿದ್ದರೆ ಏನಾಗುತ್ತಿತ್ತು ಅಂತ ಕೇಳಿ. ಉಳಿದವರಿಗೆ ಅವನೇ ಹೇಳುತ್ತಾನೆ.

ಸದ್ಯಕ್ಕೆ ರಸ್ತೆ ಕಡೆ ನೋಡುವ ಕ್ಯಾಮೆರಾ ಮಾತ್ರ ಹಾಕಿಸಿ. ಕ್ಯಾಬಿನ್ ಒಳಗಿನದ್ದು ಬೇಡವೇ ಬೇಡ. 4ಜಿ ಸಿಮ್ ಹಾಕಿ ಆಫೀಸಿನಿಂದ ಲೈವ್ ನೋಡುವ ದುಬಾರಿ ಸೆಟ್ ಮೂವತ್ತು ನಲವತ್ತು ಗಾಡಿ ಇರುವವರಿಗೆ ಸರಿ. ಆರು ಗಾಡಿಗೆ ತಿಂಗಳು ತಿಂಗಳು ಸಿಮ್, ಸರ್ವರ್ ಅಂತ ಕಟ್ಟುವುದು ಸುಮ್ನೆ ಖರ್ಚು.

ಇನ್ನು ಕ್ಯಾಮೆರಾ. ಕಾರಿಗೆ 12 ವೋಲ್ಟ್, ನಿಮ್ಮ ಲಾರಿಗೆ 24 ವೋಲ್ಟ್. ಡಬ್ಬದ ಮೇಲೆ 12-24 ವೋಲ್ಟ್ ಅಂತ ಬರೆದಿರಬೇಕು, ಇಲ್ಲದಿದ್ದರೆ ಅಡಾಪ್ಟರ್ ಮೊದಲ ದಿನವೇ ಸುಟ್ಟು ಹೋಗಬಹುದು. ಕೆಲವರು ಬುದ್ಧಿವಂತಿಕೆ ಮಾಡಿ ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ವೋಲ್ಟ್ ಎಳೆಯುತ್ತಾರೆ, ಟೇಪ್ ರೆಕಾರ್ಡರ್‌ಗೆ ಮಾಡುತ್ತಿದ್ದ ಹಾಗೆ. ಹಾಗೆ ಮಾಡಿದರೆ ಒಂದು ಬ್ಯಾಟರಿ ಯಾವಾಗಲೂ ಅರ್ಧ ಚಾರ್ಜ್, ಇನ್ನೊಂದು ಓವರ್ ಚಾರ್ಜ್, ಕೊನೆಗೆ ಎರಡೂ ಹೋಗುತ್ತವೆ. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಲೈನಿನಿಂದ, ಫ್ಯೂಸ್ ಹಾಕಿ ಕೊಡಿ. ನಿಂತಾಗಲೂ ರೆಕಾರ್ಡ್ ಆಗಬೇಕು ಅಂದರೆ ಬ್ಯಾಟರಿ ಇಳಿದಾಗ ತಾನೇ ಕಟ್ ಆಗುವ ಕಿಟ್ ಸಿಗುತ್ತದೆ, ಅದನ್ನು ತಗೊಳ್ಳಿ. ಹಾಗೆಯೇ ಒಳಗೆ ಲಿಥಿಯಂ ಬ್ಯಾಟರಿ ಇರುವುದಕ್ಕಿಂತ ಕೆಪಾಸಿಟರ್ ಇರುವ ಕ್ಯಾಮೆರಾ ಒಳ್ಳೆಯದು. ಏಪ್ರಿಲ್ ಬಿಸಿಲಲ್ಲಿ ಗ್ಲಾಸ್ ಹಿಂದೆ ಇಟ್ಟ ಬ್ಯಾಟರಿ ಊದಿಕೊಂಡು ಕ್ಯಾಮೆರಾ ಬಾಯಿ ಬಿಟ್ಟಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕಾರ್ಡ್ ವಿಷಯದಲ್ಲಿ ಕಂಜೂಸ್ ಮಾಡಬೇಡಿ. ಫುಲ್ ಎಚ್‌ಡಿ ಕ್ಯಾಮೆರಾ ಗಂಟೆಗೆ ಹೆಚ್ಚುಕಡಿಮೆ 6-7 ಜಿಬಿ ತಿನ್ನುತ್ತದೆ. ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ಅಳಿಸಿ ಅದರ ಮೇಲೇ ಬರೆಯುತ್ತದೆ. ಒಬ್ಬ ಓನರ್ ನನ್ನ ಅಂಗಡಿಗೆ ಒಂದು 32 ಜಿಬಿ ಕಾರ್ಡ್ ತಂದಿದ್ದರು. ಅಪಘಾತ ಬೆಳಗಿನ ಜಾವ ನಾಲ್ಕಕ್ಕೆ. ಕಾರ್ಡ್ ತೆಗೆದು ನೋಡಿದರೆ ಗಾಡಿ ತಂದು ನಿಲ್ಲಿಸಿದ್ದ ಪೊಲೀಸ್ ಸ್ಟೇಷನ್ ಕಾಂಪೌಂಡ್, ಒಂದು ಗೇಟು, ಗೇಟಿನ ಪಕ್ಕ ಮಲಗಿದ ನಾಯಿ. ಸುಮಾರು ಐದು ಗಂಟೆ ಅದೇ ನಾಯಿ. ಗಾಬರಿಯಲ್ಲಿ ಕೀ ಆಫ್ ಮಾಡಿರಲಿಲ್ಲ, ಅಪಘಾತದ ವಿಡಿಯೋ ಪೂರ್ತಿ ಅಳಿಸಿಹೋಗಿತ್ತು. ಹೊಡೆತ ಬಿದ್ದಾಗ ವಿಡಿಯೋ ಲಾಕ್ ಮಾಡುವ ಸೆನ್ಸರ್ ಅದರಲ್ಲಿ ಇತ್ತು, ಆದರೆ ಪ್ರತಿ ಗುಂಡಿಗೂ ಲಾಕ್ ಆಗಿ ಕಾರ್ಡ್ ತುಂಬುತ್ತದೆ ಅಂತ ಅದನ್ನು ಮೊದಲೇ ಆಫ್ ಮಾಡಿಬಿಟ್ಟಿದ್ದರು. ಆಫ್ ಮಾಡಬಾರದು ಸರ್, ಲಾರಿಗೆ ಅದನ್ನು 'ಲೋ'ದಲ್ಲಿ, ಅಂದರೆ ಜೋರು ಹೊಡೆತಕ್ಕೆ ಮಾತ್ರ ಲಾಕ್ ಆಗುವ ಹಾಗೆ ಇಡಬೇಕು. ನಿಮಗೆ 128 ಜಿಬಿ 'ಹೈ ಎಂಡ್ಯೂರೆನ್ಸ್' (ಮತ್ತೆ ಮತ್ತೆ ಬರೆದರೂ ಬಾಳುವ) ಕಾರ್ಡ್ ಸಾಕು, ಬೆಂಗಳೂರಿಗೆ ಹೋಗಿ ಬರುವ ಟ್ರಿಪ್ ಪೂರ್ತಿ ಹಿಡಿಯುತ್ತದೆ. ಡ್ರೈವರ್‌ಗಳಿಗೆ ಒಂದೇ ಮಾತು ಕಲಿಸಿ: ಏನಾದರೂ ಆದರೆ, ಪೆಟ್ಟಾದವರನ್ನು ನೋಡಿದ ಮೇಲೆ, ಕ್ಯಾಮೆರಾ ಆಫ್ ಮಾಡಿ ಕಾರ್ಡ್ ತೆಗೆದು ಜೇಬಿಗೆ ಹಾಕಿಕೊಳ್ಳಿ.

ವೈಪರ್ ಒರೆಸುವ ಜಾಗದ ಒಳಗೇ ಕೂರಿಸಿ, ಇಲ್ಲದಿದ್ದರೆ ಮಳೆಗಾಲದಲ್ಲಿ ಬರೀ ನೀರು ಕಾಣುತ್ತದೆ. ದೇವರ ಫೋಟೋ ಸುತ್ತ ಮಿನುಗುವ ಲೈಟ್ ಇರುತ್ತದಲ್ವಾ, ರಾತ್ರಿ ಅದು ಗ್ಲಾಸಿನಲ್ಲಿ ಹೊಳೆದು ವಿಡಿಯೋ ಹಾಳು ಮಾಡುತ್ತದೆ. ಫೋಟೋ ತೆಗೆಯಿರಿ ಅಂತ ಯಾರಿಗೂ ಹೇಳಬೇಡಿ, ಕ್ಯಾಮೆರಾವನ್ನೇ ಅರ್ಧ ಅಡಿ ಪಕ್ಕಕ್ಕೆ ಸರಿಸಿ.

ಪ್ರಶ್ನೆ (ಲಾರಿ ಡ್ರೈವರ್, ಹಾವೇರಿ):
ಅಣ್ಣ, ನಮ್ಮ ಓನರ್ ಒಳಗಡೆಯೂ ಕ್ಯಾಮೆರಾ ಹಾಕಿಸಿದ್ದಾರೆ. ನಾವು ಊಟ ಮಾಡೋದು, ಮಲಗೋದು, ಹೆಂಡತಿ ಮಕ್ಕಳ ಹತ್ರ ಮಾತಾಡೋದು ಎಲ್ಲ ಅಲ್ಲೇ. ಹೋದ ವಾರ ಆಕಳಿಸಿದ್ದಕ್ಕೆ ಫೋನ್ ಮಾಡಿ ಬೈದರು. ಇದು ಸರೀನಾ?

ಉತ್ತರ (ಹುಬ್ಬಳ್ಳಿ, ವಾಹನ ಎಲೆಕ್ಟ್ರಿಷಿಯನ್):
ಸರಿ ಅಲ್ಲ ಅಣ್ಣ. ಕ್ಯಾಬಿನ್ ನಿಮಗೆ ಮನೆ ಇದ್ದ ಹಾಗೆ. ನಾನು ಒಳಗಿನ ಕ್ಯಾಮೆರಾ ಹಾಕುವಾಗ ಓನರ್‌ಗೆ ಮೂರು ಮಾತು ಹೇಳಿಯೇ ಕೆಲಸ ಶುರು ಮಾಡುತ್ತೇನೆ. ಧ್ವನಿ ರೆಕಾರ್ಡಿಂಗ್ ಬಂದ್ ಇರಬೇಕು. ಗಾಡಿ ನಿಂತಾಗ ಲೆನ್ಸ್ ಮುಚ್ಚಲು ಡ್ರೈವರ್‌ಗೆ ಅವಕಾಶ ಇರಬೇಕು. ವಿಡಿಯೋ ನೋಡಿ ಬಾಟಾ (ಭತ್ಯೆ) ಕಡಿಯಬಾರದು.

ಆಕಳಿಕೆ ಬಂತು ಅಂದರೆ ನಿದ್ದೆ ಸಾಲದು ಅಂತ ಅರ್ಥ. 1961ರ ಮೋಟಾರ್ ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಇತ್ತು, 2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದರೂ ದಿನಕ್ಕೆ 8 ಗಂಟೆ ಅನ್ನೋದು ಹಾಗೇ ಇದೆ. ಹದಿನಾಲ್ಕು ಗಂಟೆ ಓಡಿಸಿದ್ದು ಕ್ಯಾಮೆರಾದಲ್ಲಿ ಗಂಟೆ ಸಮೇತ ದಾಖಲಾಗುತ್ತದೆ, ನಾಳೆ ಅದಕ್ಕೆ ಓನರೇ ಉತ್ತರ ಕೊಡಬೇಕಾಗಬಹುದು. ಇದನ್ನು ಜಗಳ ಮಾಡದೆ ಅವರಿಗೆ ತೋರಿಸಿ.

ಪ್ರಶ್ನೆ (ದಾವಣಗೆರೆ, ಲಾರಿ ಓನರ್):
ಧನ್ಯವಾದ ಸರ್. ವಿಡಿಯೋವನ್ನು ಪೊಲೀಸರು, ಕೋರ್ಟು ಒಪ್ಪುತ್ತಾರಾ? ಗುಂಪಲ್ಲಿ ವಕೀಲರು ಇದ್ದರೆ ದಯವಿಟ್ಟು ಹೇಳಿ.

ಉತ್ತರ (ಚಿತ್ರದುರ್ಗ, ವಕೀಲರು, ಅಪಘಾತದ ಕೇಸು ನಡೆಸುವವರು):
ಒಪ್ಪುತ್ತಾರೆ, ಆದರೆ ಕ್ರಮವಾಗಿ ಕೊಡಬೇಕು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಅದರ 63ನೇ ಕಲಂ ಇದಕ್ಕೆ ಸಂಬಂಧಿಸಿದ್ದು. ಹಳೆಯ ಕಾಯ್ದೆಯಲ್ಲಿ 65ಬಿ ಅಂತಿತ್ತು. ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಕೊಟ್ಟರೆ ಜೊತೆಗೆ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ, ಒಂದು ನೀವು ತುಂಬುವುದು, ಇನ್ನೊಂದು ತಜ್ಞರು ತುಂಬುವುದು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲ್ ಬದಲಾಗಿಲ್ಲ ಅಂತ ತೋರಿಸುವ, ಕಂಪ್ಯೂಟರ್ ಲೆಕ್ಕ ಹಾಕಿ ಕೊಡುವ ಗುರುತು) ಬರೆಯಬೇಕು. ಮೂಲ ಕಾರ್ಡನ್ನು ಒಂದು ಕವರಿನಲ್ಲಿ ಹಾಕಿ, ದಿನಾಂಕ ಬರೆದು, ಮುಟ್ಟದೆ ಇಡಿ. ಪೊಲೀಸರು ತೆಗೆದುಕೊಂಡರೆ ಬರವಣಿಗೆಯಲ್ಲಿ ರಸೀದಿ ಕೇಳಿ.

ವಾಟ್ಸ್ಯಾಪ್‌ನಲ್ಲಿ ವಿಡಿಯೋ ಅಂತ ಕಳಿಸಿದರೆ ಫೈಲ್ ಕುಗ್ಗಿ ಬದಲಾಗುತ್ತದೆ, ಆ ಕಾಪಿಯನ್ನು ನಂಬಿಕೊಳ್ಳಬೇಡಿ. ಕ್ಯಾಮೆರಾದ ತಾರೀಖು, ಗಂಟೆ ತಪ್ಪಾಗಿದ್ದರೆ ಎದುರು ವಕೀಲರು ಮೊದಲು ಹಿಡಿಯುವುದು ಅದನ್ನೇ. ತಪ್ಪು ನಿಮ್ಮ ಡ್ರೈವರ್‌ದೇ ಇದ್ದರೂ ವಿಡಿಯೋ ಅಳಿಸಬೇಡಿ, ಸಾಕ್ಷಿ ನಾಶ ಮಾಡುವುದು ಬೇರೆಯೇ ಅಪರಾಧ.

ಡ್ರೈವರ್‌ಗಳಿಗೂ ಒಂದು ಮಾತು. 2024ರ ಜನವರಿಯಲ್ಲಿ ಹಿಟ್ ಅಂಡ್ ರನ್ ಕಲಂ ವಿರುದ್ಧ ದೇಶದ ತುಂಬ ಮುಷ್ಕರ ಆಯ್ತಲ್ಲ, ಆಗ ಎಲ್ಲರ ಭಯ ಒಂದೇ ಇತ್ತು: ನಿಂತರೆ ಜನ ಹೊಡೆಯುತ್ತಾರೆ, ಓಡಿದರೆ ಕೇಸು. ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಪ್ರಕಾರ ಡ್ರೈವರ್ ಪೆಟ್ಟಾದವರಿಗೆ ಚಿಕಿತ್ಸೆ ಸಿಗುವ ಹಾಗೆ ನೋಡಬೇಕು, ಆದರೆ ಜನರ ಆಕ್ರೋಶದಿಂದ ಅದು ಸಾಧ್ಯವಾಗದಿದ್ದರೆ ವಿನಾಯಿತಿ ಇದೆ. ಕಲ್ಲು ಹಿಡಿದು ಬಂದ ಗುಂಪು ವಿಡಿಯೋದಲ್ಲಿ ಇದ್ದರೆ, ಹತ್ತಿರದ ಠಾಣೆಗೆ ಯಾಕೆ ಹೋದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಪ್ರಶ್ನೆ (ಮೈಸೂರು, ಮ್ಯಾಕ್ಸಿಕ್ಯಾಬ್):
ನಮ್ಮದರಲ್ಲಿ ಎಐಎಸ್-140 ಜಿಪಿಎಸ್ ಇದೆ. ಕ್ಯಾಮೆರಾನೂ ಬೇಕಾ?

ಉತ್ತರ (ಹುಬ್ಬಳ್ಳಿ, ವಾಹನ ಎಲೆಕ್ಟ್ರಿಷಿಯನ್):
ಅದು ಗಾಡಿ ಎಲ್ಲಿದೆ ಅಂತ ಹೇಳುತ್ತದೆ, ಪ್ಯಾನಿಕ್ ಬಟನ್ ಕೊಡುತ್ತದೆ. ಮುಂದೆ ಏನು ನಡೆಯಿತು ಅಂತ ತೋರಿಸುವುದು ಕ್ಯಾಮೆರಾ. ಎರಡೂ ಬೇರೆ ಬೇರೆ ಕೆಲಸ.

ದಾವಣಗೆರೆ ಓನರ್:
ಇವತ್ತು ಎಲ್ಲರನ್ನೂ ಕೂರಿಸಿ ಮಾತಾಡಿದೆ ಸರ್. ಹಿರಿಯೂರಿನ ಹುಡುಗ ತನ್ನ ಗಾಡಿಗೇ ಮೊದಲು ಹಾಕಿಸಿ ಅಂದ. ಬಿಡ್ತೀನಿ ಅಂದಿದ್ದ ಹಿರಿಯ ಡ್ರೈವರ್, "ಕಾರ್ಡ್ ಯಾರ ಹತ್ರ ಇರುತ್ತೆ?" ಅಂತ ಕೇಳಿದರು. ನಿಮ್ಮ ಹತ್ರಾನೇ ಅಂದೆ. ಹಾಗಾದ್ರೆ ಹಾಕಿ ಅಂದ್ರು. ಸೋಮವಾರ ಎರಡು ಗಾಡಿ ಕಳಿಸ್ತೀನಿ.

ಹುಬ್ಬಳ್ಳಿ ಎಲೆಕ್ಟ್ರಿಷಿಯನ್:
ಬಹಳ ಖುಷಿ ಆಯ್ತು ಸರ್. ಬೆಳಿಗ್ಗೆ ಒಂಬತ್ತಕ್ಕೆ ಬರಲಿ, ಲೋಡ್ ಇಲ್ಲದೆ. ಡ್ರೈವರ್‌ಗಳು ಕೆಲಸ ಮುಗಿಯುವ ತನಕ ಪಕ್ಕದಲ್ಲೇ ಇರಲಿ, ಕಾರ್ಡ್ ತೆಗೆಯುವುದು ಹಾಕುವುದು ಅವರ ಕೈಯಲ್ಲೇ ನಾಲ್ಕು ಸಲ ಮಾಡಿಸುತ್ತೇನೆ.