ಅಪ್‌ಡೇಟ್: ಅಪ್ಪ-ಅಮ್ಮನ ಬವೇರಿಯನ್ ಊಟ

ಮ್ಯೂನಿಕ್‌ಗೆ ಬಂದಿರುವ ಅಪ್ಪ-ಅಮ್ಮ ಮೊಟ್ಟೆಯನ್ನೂ ಮುಟ್ಟದವರು, ಅವರನ್ನು ಬವೇರಿಯನ್ (ಅಂದರೆ ಇಲ್ಲಿನ ದಕ್ಷಿಣ ಜರ್ಮನಿಯ) ಊಟಕ್ಕೆ ಕರ್ಕೊಂಡು ಹೋಗಬಹುದಾ ಅಂತ ಹೋದ ವಾರ ಕೇಳಿದ್ದೆ ಅಲ್ವಾ? ಹೋಗಿ ಬಂದೆವು.

ಹೈಡ್‌ಹೌಸನ್‌ನಲ್ಲಿ ನಮ್ಮ ಮನೆ ಹತ್ತಿರದ ಪುಟ್ಟ ಜಾಗ. ಮೆನು ಒಂದೇ ಹಾಳೆ, ಸೀಸನ್ ಬದಲಾದಂತೆ ಅದೂ ಬದಲು. ಈಗ ಎಲ್ಲರ ತಟ್ಟೆಯಲ್ಲೂ ಶ್ಪಾರ್ಗೆಲ್, ಅಂದರೆ ಬಿಳಿ ಆಸ್ಪ್ಯಾರಗಸ್. ಜೂನ್ 24ಕ್ಕೆ ಅದರ ಕಾಲ ಮುಗಿಯುತ್ತದೆ, ಅದಕ್ಕೇ ಈ ಆತುರ. ಹೆಬ್ಬೆರಳು ದಪ್ಪದ ದಂಟು, ಪಕ್ಕದಲ್ಲಿ ಎಳೆ ಆಲೂಗಡ್ಡೆ. ಅದರ ಮೇಲೆ ಸುರಿಯುವ ಹಾಲಂಡೇಸ್ ಸಾಸ್‌ನಲ್ಲಿ ಮೊಟ್ಟೆ ಇರುತ್ತದೆ, ಬೇಡ ಅಂದೆ. ಕರಗಿಸಿದ ಬೆಣ್ಣೆ ಸುರಿದು ಕೊಟ್ಟರು. ಅಮ್ಮ ಒಂದು ತುಂಡು ತಿಂದು, "ನುಗ್ಗೆಕಾಯಿ ತಿರುಳಿನ ಹಾಗಿದೆ ಕಣೋ, ಸಿಪ್ಪೆ ಉಗಿಯೋ ಕೆಲಸ ಇಲ್ಲ" ಅಂದರು.

ಸೂಪ್ ಮಾಂಸದ ರಸದಲ್ಲಿ ಮಾಡಿರಬಹುದು ಅಂತ ನೀವು ಎಚ್ಚರಿಸಿದ್ದು ಸರಿ. ಕೇಳಿದರೆ, ದನದ ಮೂಳೆ ಬೇಯಿಸಿದ ನೀರಲ್ಲೇ ಮಾಡಿದ್ದಂತೆ! ಕ್ನೋಡೆಲ್ ಅನ್ನೋ ಬೇಯಿಸಿದ ಉಂಡೆಗೂ ಮೊಟ್ಟೆ ಹಾಕಿದ್ದರು, ಅದು ನನ್ನ ಪಾಲಾಯಿತು. ಅಪ್ಪನಿಗೆ ಒಬಾಟ್ಸ್ಡಾ ಹಿಡಿಸಿತು. ಕ್ಯಾಮೆಂಬರ್ ಚೀಸ್, ಬೆಣ್ಣೆ, ಈರುಳ್ಳಿ, ಪ್ಯಾಪ್ರಿಕಾ ಪುಡಿ ಕಲಸಿದ ಚಟ್ನಿ ಅನ್ನಿ, ಪ್ರೆಟ್ಜೆಲ್ (ಗಂಟು ಹಾಕಿದಂತಿರುವ ಬ್ರೆಡ್) ಜೊತೆಗೆ.

ಕೊನೆಗೆ ಕಾರ್ಡ್ ನಡೆಯಲ್ಲ ಅಂದರು. ನಾನು ಎಟಿಎಂ ಹುಡುಕಿ ಬರೋಷ್ಟರಲ್ಲಿ ಅಪ್ಪ ಸುಮ್ನೆ ಇನ್ನೊಂದು ಪ್ರೆಟ್ಜೆಲ್ ತರಿಸಿಕೊಂಡಿದ್ದರು.