ಸ್ಮರಣ ಸಂಚಿಕೆ ಇ-ಪಬ್: ಕೆಲವ್ರಿಗೆ ಕನ್ನಡ, ಕೆಲವ್ರಿಗೆ ಪೌಂಡು

ಬಸವರಾಜ ಡಿಟಿಪಿ: ನಮ್ ಬ್ಯಾಚಿನ ಸ್ಮರಣ ಸಂಚಿಕೆ ಇ-ಪಬ್ (ಫೋನಿನ್ಯಾಗ ಓದೋ ಪುಸ್ತಕದ ಫೈಲ್) ಗುಂಪಿನ್ಯಾಗ ಹಾಕೀನಿ. ಎಲ್ಲಾರೂ ಓದ್ರಿ.

ಶರಣು ಕುಷ್ಟಗಿ: ಏನ್ ಓದೋದಲೇ? ಮೊದಲ ಸಾಲಿನ್ಯಾಗ ಪಿ, ತಲಿ ಮ್ಯಾಲೆ ಗೀಟಿರೋ ಎ, ಆಮ್ಯಾಲೆ ಪೌಂಡಿನ ಗುರ್ತು. ಮೂರು ಆ್ಯಪ್ ಹಾಕಿ ತೆಗದೆ.

ವೀಣಾ ಗಂಗಾವತಿ: ನನಗ ಚಂದ ಕಾಣಾಕತ್ತೈತಿ. ನಿನ್ನ ಫೋನ್ ಹಳೇದು 😄

ಬಸವರಾಜ ಡಿಟಿಪಿ: ನನ್ ಕಂಪ್ಯೂಟರಿನ್ಯಾಗೂ ಬರೋಬರಿ ಐತಿ. ಫೈಲ್ ತಪ್ಪಿಲ್ಲ.

ನಾಗರತ್ನಾ: ಫೈಲಿಂದೇ ತಪ್ಪು. ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನ್ಯಾಗ ಟೈಪ್ ಮಾಡೀಯಲ್ಲ? ಅದು ಯೂನಿಕೋಡ್ ಅಲ್ಲ, ಅಂದ್ರ ಎಲ್ಲಾ ಫೋನು, ಕಂಪ್ಯೂಟರಿಗೆ ತಿಳಿಯೋ ಅಕ್ಷರ ಸಂಕೇತ ಅಲ್ಲ. ಒಳಗ ‘ಕ’ ಇರೋ ಕಡೆ ಪಿ, ‘ನ’ ಇರೋ ಕಡೆ ಪೌಂಡು ಕುಂತೈತಿ. ಫಾಂಟ್ ಅದಕ್ಕ ಕನ್ನಡದ ವೇಷ ಹಾಕ್ತೈತಿ, ಅಷ್ಟ. ವೀಣಾ, ಐಫೋನ್ ಬುಕ್ಸ್‌ನ್ಯಾಗ ನಿಂದು ಫಾಂಟ್ ‘ಒರಿಜಿನಲ್’ ಇರ್ಬೇಕು. ಬ್ಯಾರೆ ಒಂದು ಆರಿಸಿ ನೋಡು.

ವೀಣಾ ಗಂಗಾವತಿ: ಅಯ್ಯ, ಪೂರಾ ಪೌಂಡ್ ಆತು!

ಶರಣು ಕುಷ್ಟಗಿ: ನನ್ ಫೋನ್ ಹಳೇದಂತ, ಹೇಳ್ತಾಳ.

ಬಸವರಾಜ ಡಿಟಿಪಿ: ಫಾಂಟ್ ನಾನs ಫೈಲಿನೊಳಗ ಸೇರಿಸೀನಿ. ಎಲ್ಲಾರೂ ‘ಒರಿಜಿನಲ್’ ಇಟ್ಕೊಂಡ್ರ ಮುಗೀತು.

ನಾಗರತ್ನಾ: ಮುಗಿಯಂಗಿಲ್ಲ. ಸರ್ಚ್‌ನ್ಯಾಗ ‘ಕೊಪ್ಪಳ’ ಹೊಡಿ, ಒಂದೂ ಸಿಗೂದಿಲ್ಲ. ಕಣ್ಣು ಮಂಜಾದ ನಮ್ ಮೇಷ್ಟ್ರು ಓದಿಸಿ ಕೇಳಬೇಕಂದ್ರ ಅದೂ ಆಗೂದಿಲ್ಲ.

ಶರಣು ಕುಷ್ಟಗಿ: ಇಷ್ಟ್ಯಾಕ ತಲಿ ಕೆಡಿಸ್ಕೋಬೇಕು, ಪಿಡಿಎಫ್ ಕಳಿಸು.

ವೀಣಾ ಗಂಗಾವತಿ: ಎ4 ಹಾಳಿ ಅಗಲ 21 ಸೆಂಟಿಮೀಟರ್, ಫೋನ್ ಪರದೆ ಸುಮಾರು 7. ಬಸು ಹಾಕಿದ 12 ಪಾಯಿಂಟ್ ಅಕ್ಷರ 4 ಪಾಯಿಂಟ್ ಆಗಿ ಕಾಣ್ತೈತಿ. ಒತ್ತಕ್ಷರ ಇರುವಿ ಇದ್ದಂಗ. ಸಾಲಿಗೊಮ್ಮೆ ಎಡಕ್ಕ ಬಲಕ್ಕ ಎಳೀಬೇಕು.

ನಾಗರತ್ನಾ: ಪಿಡಿಎಫ್ ಪ್ರಿಂಟಿಗೆ ಇರ್ಲಿ. ಅದರಿಂದ ಒಂದು ಸಾಲು ಕಾಪಿ ಮಾಡಿ ಇಲ್ಲೇ ಗುಂಪಿನ್ಯಾಗ ಪೇಸ್ಟ್ ಮಾಡಿದ್ರೂ ಪೌಂಡೇ ಬರ್ತೈತಿ. ಕನ್ನಡಾನ ಬಂದು ಒತ್ತು, ಗುಣಿತ ಮಾತ್ರ ಚದುರಿದ್ರ ಅದು ಪಿಡಿಎಫ್‌ದು ಬ್ಯಾರೆ ರೋಗ. ಎರಡಕ್ಕೂ ಮೂಲ ವರ್ಡ್ ಫೈಲೇ ಬೇಕು.

ಬಸವರಾಜ ಡಿಟಿಪಿ: ಐತಿ. ಫೈಂಡ್-ರಿಪ್ಲೇಸ್ ಹೊಡೀತೀನಿ, ಅರ್ಧ ತಾಸಿನ ಕೆಲಸ.

ನಾಗರತ್ನಾ: ಬ್ಯಾಡ. ಅರ್ಕಾವತ್ತಿನ್ಯಾಗ ಸಿಕ್ಕಿ ಬೀಳ್ತಿ. ‘ಧರ್ಮ’ ಅಂದ್ರ ಹಳೇ ಫಾಂಟಿನ್ಯಾಗ ಮೊದಲು ಮ, ಆಮ್ಯಾಲೆ ಅರ್ಕಾವತ್ತು, ಕಣ್ಣಿಗೆ ಕಂಡ ಕ್ರಮ. ಯೂನಿಕೋಡಿನ್ಯಾಗ ರ್ ಮೊದಲು, ಮ ಆಮ್ಯಾಲೆ. ಅಕ್ಷರಕ್ಕ ಅಕ್ಷರ ಬದಲಿಸಿದ್ರ ಕ್ರಮ ತಿರುಗೂದಿಲ್ಲ. ಹಳೇ ಫಾಂಟಿನ ಬರಹ (ಆಸ್ಕಿ) ಯೂನಿಕೋಡಿಗೆ ತಿರುಗಿಸೋ ಕನ್ವರ್ಟರೇ ಬೇಕು. ಇಂಗ್ಲಿಷ್ ಇರೋ ಕಡೆ ಮಾತ್ರ ಬಿಟ್ಟು ಹಾಕು. ಮೇಲ್ ವಿಳಾಸ ಅದರಾಗ ಸಿಕ್ರ ಅದೂ ಕನ್ನಡದ ಕಸ ಆಗ್ತೈತಿ.

ಬಸವರಾಜ ಡಿಟಿಪಿ: ಆಮ್ಯಾಲೆ?

ನಾಗರತ್ನಾ: ಎಲ್ಲಾ ಆರಿಸಿ ಫಾಂಟ್ ನೋಟೊ ಸಾನ್ಸ್ ಕನ್ನಡ ಮಾಡು. ಅದು ಮುಕ್ತ ಪರವಾನಗಿದು, ಒಳಗ ಸೇರಿಸಾಕ ಅಡ್ಡಿ ಇಲ್ಲ. ಲೇಖನದ ತಲೆಬರಹಕ್ಕ ‘ಹೆಡಿಂಗ್ 1’ ಕೊಡು, ಪರಿವಿಡಿ ತಾನs ಆಗ್ತೈತಿ. ವರ್ಡಿನ ಹೊಸ ‘ಡಾಕ್ಸ್’ (.docx) ಫೈಲಾಗಿ ಉಳಿಸು. ಹಳೇ ‘ಡಾಕ್’ (.doc) ಫೈಲನ್ನ ಕ್ಯಾಲಿಬರ್ (ಇ-ಪುಸ್ತಕ ಮಾಡೋ ತಂತ್ರಾಂಶ) ತಗೋಳಂಗಿಲ್ಲ. ಕ್ಯಾಲಿಬರ್‌ನ್ಯಾಗ ಇ-ಪಬ್ ಮಾಡುವಾಗ ‘ಲುಕ್ ಅಂಡ್ ಫೀಲ್’ ಒಳಗ ಫಾಂಟ್ ಸೇರಿಸೋದಕ್ಕ ಟಿಕ್ ಹಾಕು. ಅಕ್ಷರಗಳ ನಡುವೆ ಹೆಚ್ಚಿನ ಜಾಗ ಕೊಟ್ಟಿದ್ರ ತೆಗಿ, ಕೆಲವು ಆ್ಯಪಿನ್ಯಾಗ ಒತ್ತು ಕಿತ್ಕೊಂಡು ನಿಲ್ತೈತಿ.

ಬಸವರಾಜ ಡಿಟಿಪಿ: ಹೊಸದು ಹಾಕೀನಿ. ಹಳೇದು ಅಳಿಸಿ ಆಮ್ಯಾಲೆ ಇದನ್ನ ಓಪನ್ ಮಾಡ್ರಿ, ಇಲ್ಲಾಂದ್ರ ಯಾವುದು ಯಾವುದಂತ ಗೊತ್ತಾಗಂಗಿಲ್ಲ.

ಶರಣು ಕುಷ್ಟಗಿ: ಬಂತು. ‘ಕೊಪ್ಪಳ’ ಹುಡುಕಿದ್ರ ಸಿಗ್ತೈತಿ. ಆದ್ರ ವೀಣಾನ ಪರಿಚಯದಾಗ ‘ರ‍್ಯಾಂಕ್’ ಅನ್ನೋದು ‘ರ್ಯಾಂಕ್’ ಆಗೈತಿ, ಯಾ ಮ್ಯಾಲೆ ಅರ್ಕಾವತ್ತು ಕುಂತೈತಿ.

ನಾಗರತ್ನಾ: ಕನ್ವರ್ಟರಿಗೆ ಅದು ತಿಳಿಯಂಗಿಲ್ಲ. ರ ಆದ ಮ್ಯಾಲೆ, ಹಲಂತಕ್ಕ ಮೊದಲು ಕಣ್ಣಿಗೆ ಕಾಣದ ಜೋಡಕ ಗುರ್ತು (ಜೀರೋ ವಿಡ್ತ್ ಜಾಯ್ನರ್) ಹಾಕಬೇಕು. ಬಸು, ಇದೊಂದಕ್ಕ ಫೈಂಡ್-ರಿಪ್ಲೇಸ್ ಹೊಡಿ. ‘ರಿಪ್ಲೇಸ್ ಆಲ್’ ಮಾತ್ರ ಒತ್ತಬ್ಯಾಡ. ‘ಕಾರ್ಯ’, ‘ಸೂರ್ಯ’ ಬಂದ್ರ ಬಿಟ್ಟು ಮುಂದ ಹೋಗು, ಅವು ಅರ್ಕಾವತ್ತಿನಲ್ಲೇ ಇರ್ಬೇಕು.

ವೀಣಾ ಗಂಗಾವತಿ: ಮೊದಲು ನಂದೇ ಸರಿ ಮಾಡು ಬಸು, ಇದ್ದ ಒಂದು ರ‍್ಯಾಂಕೂ ಹೋತು.